ಹೇರಿನ ಮೇಲೆ ಬಿಟ್ಟ ಜಾಗ

ಹಿಂಗಾರಿ ಕಡಲೆ, ಬಿಳಿಜೋಳ ಕೊಯ್ಲಾಗಿ ಗದಗ ತಾಲೂಕಿನ ಅಂತೂರ-ಬೆಂತೂರ ಸೀಮೆಯ ಎರಿ ಹೊಲಗಳು ಬರಿದಾಗುವ ಹೊತ್ತಿಗೆ ಕುರಿಗಾರರು ಬಂದಿಳಿಯುತ್ತಾರೆ. ಹೊಲದವರಿಗೆ ಕುರಿಯ ಹಿಕ್ಕೆ ಬೇಕು; ಕುರಿಗೆ ಹೊಲದಲ್ಲಿ ಉಳಿದ ಕೂಳೆ, ಉದುರಿದ ಸೊಪ್ಪು ಬೇಕು. ಒಂದು ಹೊಲದಲ್ಲಿ ಎರಡೋ ಮೂರೋ ರಾತ್ರಿ ಕುರಿ ನಿಲ್ಲಿಸಿ, ಕಾಳೋ ಹಣವೋ ಪಡೆದು ಮುಂದಿನ ಹೊಲಕ್ಕೆ ಹೊರಡುತ್ತಾರೆ. ವರ್ಷದ ಬಹುಭಾಗ ಬಯಲಲ್ಲೇ ಕಳೆಯುವ ಈ ಸಂಸಾರಗಳ ಇಡೀ ಮನೆ ಒಂದೆರಡು ಕುದುರೆಗಳ ಬೆನ್ನ ಮೇಲಿರುತ್ತದೆ. ಬಯಲಿನಲ್ಲಿ, ಗುಡ್ಡದ ಬುಡದಲ್ಲಿ, ಕಾಡಿನ ಅಂಚಿನಲ್ಲಿ ರಾತ್ರಿ ಕಳೆಯಲು ಏನನ್ನು ಒಯ್ಯಬೇಕು, ಏನನ್ನು ಬಿಟ್ಟು ಹೋಗಬೇಕು ಎಂಬುದನ್ನು ಇವರಷ್ಟು ಬಲ್ಲವರು ನಮ್ಮ ಸೀಮೆಯಲ್ಲಿ ಬೇರೆ ಯಾರೂ ಇಲ್ಲ.

ಹಟ್ಟಿ ಕೀಳುವ ಬೆಳಗಿನಲ್ಲಿ ಹೇರು ಕಟ್ಟುವುದು ಹೆಚ್ಚಾಗಿ ಹೆಂಗಸರ ಕೆಲಸ. ಗಂಡಸರು ಗೂಟ ಕಿತ್ತು, ಬಲೆ ಸುತ್ತಿ, ಕುರಿ ಎಣಿಸುತ್ತಿರುವಾಗ ಇವರು ಕುದುರೆಯ ಬೆನ್ನಿಗೆ ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಕುತ್ತಾರೆ. ಬೆನ್ನುಮೂಳೆಗೆ ಹಗ್ಗ ಒತ್ತಬಾರದಲ್ಲ. ಅದರ ಮೇಲೆ ಎರಡೂ ಮಗ್ಗುಲಿಗೆ ಎರಡು ಚೀಲ. ಒಂದರಲ್ಲಿ ಜೋಳ, ಹಿಟ್ಟು. ಇನ್ನೊಂದರಲ್ಲಿ ಹಂಚು, ಬೋಗುಣಿ, ತಾಟು, ಚರಿಗೆ. ಒಂದು ಕಡೆ ಭಾರ ಹೆಚ್ಚಾದರೆ ಹೇರು ವಾಲುತ್ತದೆ, ಹರದಾರಿ ನಡೆಯುವುದರೊಳಗೆ ಕುದುರೆಯ ಬೆನ್ನು ಹುಣ್ಣಾಗುತ್ತದೆ. ಅದಕ್ಕೇ ಎರಡೂ ಕೈಯಿಂದ ಚೀಲಗಳನ್ನು ಎತ್ತಿ ಎತ್ತಿ ನೋಡಿ, ಈ ಚೀಲದ ಒಂದು ಸೇರು ಜೋಳವನ್ನು ಆ ಚೀಲಕ್ಕೆ ಸುರಿದು ಸಮ ಮಾಡುತ್ತಾರೆ. ಆಮೇಲೆ ಬಲೆಯ ಸುರುಳಿ, ಗೂಟ, ಬಟ್ಟೆಯ ಗಂಟು. ಕೊಡಲಿ ಕುರಿಗಾರನ ಹೆಗಲ ಮೇಲೆ, ಕಂಬಳಿ ಅವನ ಮೈಮೇಲೆ. ಇಷ್ಟೆಲ್ಲ ಕಟ್ಟಿ, ಹಗ್ಗ ಬಿಗಿದು ಮುಗಿಸಿದ ಮೇಲೂ ಹೇರಿನ ನಡುನೆತ್ತಿಯಲ್ಲಿ ಬುಟ್ಟಿಯಷ್ಟಗಲ ಜಾಗ ಖಾಲಿ ಉಳಿದಿರುತ್ತದೆ.

“ಯವ್ವಾ, ಮ್ಯಾಲ ಇಷ್ಟು ಜಾಗಾ ಯಾಕ ಬಿಟ್ಟೀರಿ?” ಎಂದು ಒಬ್ಬ ಹಿರಿಯ ಹೆಂಗಸನ್ನು ಕೇಳಿದ್ದೆ.

“ದಾರ್‍ಯಾಗ ಯಾವದರ ಒಂದು ಈಯತೈತೋ ತಮ್ಮಾ. ಎಳೀ ಮರಿ ನಡೀತೈತೇನು? ಅದಕ್ಕ ಜಾಗಾ ಬ್ಯಾಡಾ?”

ಅವರ ಮಾತಿನಲ್ಲಿ ಉಪದೇಶದ ಧಾಟಿ ಒಂದಿಷ್ಟೂ ಇರಲಿಲ್ಲ. ಜೋಳ ಕಟ್ಟಬೇಕು, ಹಂಚು ಕಟ್ಟಬೇಕು ಎಂಬಷ್ಟೇ ಸಹಜವಾಗಿ ಹೇಳಿದರು. ಇನ್ನೂ ಹುಟ್ಟದ ಮರಿಗೆ ಹೇರಿನಲ್ಲಿ ಪಾಲು ಇದೆ. ಹುಟ್ಟಿದ ಮೇಲೆ ಅದು ಕುದುರೆಯ ಮೇಲೆ ಹೋಗುತ್ತದೆ, ಮನುಷ್ಯರು ಪಕ್ಕದಲ್ಲಿ ನಡೆಯುತ್ತಾರೆ.

ಗಂಟು ಕಟ್ಟುವುದನ್ನು ನಾವು ಬರೀ ಅನುಕೂಲದ ಮಾತೆಂದುಕೊಂಡಿದ್ದೇವೆ. ಎಷ್ಟು ಜೊತೆ ಬಟ್ಟೆ, ಎಂಥ ಚೀಲ, ಎಷ್ಟು ಭಾರ ಎನ್ನುವಲ್ಲಿಗೆ ನಮ್ಮ ವಿಚಾರ ಮುಗಿಯುತ್ತದೆ. ಆ ಬೆಳಗಿನಿಂದ ನನಗೆ ಬೇರೆಯೇ ಒಂದು ಮಾತು ಮನಸ್ಸಿನಲ್ಲಿ ನಾಟಿದೆ. ದಾರಿಯಲ್ಲಿ ನಾವು ಯಾರ ಹಂಗಿಗೆ ಬೀಳುತ್ತೇವೆ, ಯಾರಿಗೆ ಆಸರೆಯಾಗುತ್ತೇವೆ, ಯಾರ ಮೇಲೆ ನಮ್ಮ ಭಾರ ಹಾಕುತ್ತೇವೆ ಎಂಬುದೆಲ್ಲ ಮನೆಯ ಪಡಸಾಲೆಯಲ್ಲಿ ಗಂಟು ಕಟ್ಟುವ ಹೊತ್ತಿಗೇ ಬಹುಪಾಲು ತೀರ್ಮಾನವಾಗಿರುತ್ತದೆ. ಹೊರಟ ಮೇಲೆ ಬದಲಿಸಲು ಉಳಿಯುವುದು ಸ್ವಲ್ಪ.

ಕಂಬಳಿಯಿಂದಲೇ ಶುರು ಮಾಡುತ್ತೇನೆ. ಬಯಲ ಬದುಕಿಗೆಂದು ಈ ನಾಡು ಕಂಡುಕೊಂಡ ಸಾಮಾನುಗಳಲ್ಲಿ ಅದಕ್ಕಿಂತ ಮಿಗಿಲಾದುದು ಇಲ್ಲ. ದಖ್ಖನಿ ಕುರಿಯ ಉಣ್ಣೆ ಒರಟು, ಹೆಚ್ಚಾಗಿ ಕಪ್ಪು. ಆ ಉಣ್ಣೆಯನ್ನು ಹಿಂಜಿ, ಹೆಂಗಸರು ನೂಲು ತೆಗೆದು, ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಬಿರುಸು ಮಾಡಿ, ಗುಂಡಿಮಗ್ಗದಲ್ಲಿ ನೇಯುತ್ತಾರೆ. ಹೊಸ ಕಂಬಳಿ ಮೈಗೆ ಚುಚ್ಚುತ್ತದೆ. ಚುಚ್ಚುವ ಆ ಒರಟುತನವೇ ಅದರ ಗುಣ. ಹದವಾದ ಮಳೆ ಬಿದ್ದರೆ ಹನಿ ಎಳೆಗಳ ಮೇಲೇ ನಿಂತು ಜಾರಿ ಹೋಗುತ್ತದೆ. ಜೋರು ಮಳೆಗೆ ನೆಂದರೂ ಚಳಿ ಒಳಗೆ ಬಿಡುವುದಿಲ್ಲ. ಉಣ್ಣೆ ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವ ಹೀರಿಯೂ ಮೈಗೆ ಒದ್ದೆಯೆನಿಸದೆ ಬೆಚ್ಚಗಿರಬಲ್ಲದು. ಹತ್ತಿ ಹಾಗಲ್ಲ. ನೆಂದ ಹತ್ತಿ ಬಟ್ಟೆ ಮೈಗೆ ಅಂಟಿಕೊಂಡು ಮೈಯ ಕಾವನ್ನೇ ಕದಿಯುತ್ತದೆ. ಗುಡ್ಡದ ಗಾಳಿಯಲ್ಲಿ ನೆಂದ ಜೀನ್ಸ್ ಹಾಕಿಕೊಂಡು ರಾತ್ರಿ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಕಿಯ ವಿಷಯದಲ್ಲೂ ಹಾಗೆಯೇ. ಒಲೆಯ ಕಿಡಿ ಕಂಬಳಿಯ ಮೇಲೆ ಸಿಡಿದರೆ ಒಂದು ಚುಕ್ಕೆ ಸುಟ್ಟು ಅಲ್ಲಿಯೇ ಆರುತ್ತದೆ. ನೈಲಾನ್, ಪಾಲಿಸ್ಟರ್ ಜಾಕೀಟಿನ ಮೇಲೆ ಬಿದ್ದರೆ ಅದು ಕರಗಿ ಚರ್ಮಕ್ಕೆ ಹತ್ತುತ್ತದೆ. ಮುಳ್ಳುಕಂಟಿಗೆ ಸಿಕ್ಕರೆ ಕಂಬಳಿ ಹರಿಯದೆ ಬಿಡಿಸಿಕೊಂಡು ಬರುತ್ತದೆ. ಹಾವು ಕಂಬಳಿಯ ಮೇಲೆ ಹಾಯುವುದಿಲ್ಲವೆಂದು ಕುರಿಗಾರರ ನಂಬಿಕೆ. ನಂಬಿಕೆ ನಂಬಿಕೆಯೇ, ಆದರೆ ಬರೀ ನೆಲದ ಮೇಲೆ ಮಲಗುವವರಿಗೆ ಅದೂ ಒಂದು ಆಸರೆ. ಇದಕ್ಕಿಂತ ದೊಡ್ಡದೆಂದು ನನಗೆ ಕಾಣುವುದು ಒಂದು ಕಂಬಳಿ ಮಾಡುವ ಕೆಲಸಗಳು. ಅದು ಹಾಸಿಗೆ, ಹೊದಿಕೆ, ಕೊಪ್ಪೆ ಹಾಕಿದರೆ ಮಳೆಯಂಗಿ, ನಾಲ್ಕು ಕೋಲಿಗೆ ಕಟ್ಟಿದರೆ ನೆರಳು. ಜಡ್ಡು ಬಿದ್ದವರನ್ನು ಎತ್ತಿಕೊಂಡು ಹೋಗಲು ಜೋಲಿ. ಬಂದ ಹಿರಿಯರಿಗೆ ಹಾಸುವ ಗದ್ದಿಗೆ. ಈದ ಕುರಿ ಚಳಿಗೆ ನಡುಗಿದರೆ ಅದರ ಮೈಮೇಲೂ ಅದೇ ಕಂಬಳಿ. ಹಾಲುಮತದವರ ಪೂಜೆಯಲ್ಲಿ ಕಂಬಳಿಗೆ ಇರುವ ಸ್ಥಾನ ಸುಮ್ಮನೆ ಬಂದದ್ದಲ್ಲ. ತುಂಗಭದ್ರೆಯ ಆಚೆ ದಂಡೆಯ ಮೈಲಾರಕ್ಕೆ ನಡೆಯುವ ಗೊರವಯ್ಯನ ಮೈಮೇಲೂ ಕರಿಕಂಬಳಿ, ಕೈಯಲ್ಲಿ ಡಮರುಗ, ಜೊತೆಗೆ ಭಂಡಾರದ ಚೀಲ ಮತ್ತು ಉಣ್ಣುವ ದೋಣಿ. ಅವನ ಇಡೀ ಪ್ರಯಾಣದ ಸಾಮಾನು ಅಷ್ಟೇ, ಅದರಲ್ಲಿ ಅರ್ಧ ಬೇರೆಯವರಿಗೆ ಹಂಚಲೆಂದೇ ಇದೆ.

ಕೌದಿಯ ಬಗ್ಗೆ ಒಂದು ಮಾತು. ಉಟ್ಟು ಸವೆದ ಇಳಕಲ್ ಸೀರೆ, ಧೋತರ, ಮಕ್ಕಳ ಅಂಗಿ, ಎಲ್ಲವನ್ನೂ ಒಂದರ ಮೇಲೊಂದು ಹಾಸಿ, ಎಳೆ ಎಳೆಯಾಗಿ ದಾರ ಹಾಯಿಸಿ ಅವ್ವಂದಿರು ಹೊಲಿದ ಹೊದಿಕೆ ಅದು. ಭಾರ ಜಾಸ್ತಿ, ನೆಂದರೆ ಒಣಗುವುದು ತಡ, ಬೆನ್ನಿಗೆ ಹೊತ್ತು ಗುಡ್ಡ ಏರಲು ಆಗದು. ಅದಕ್ಕೇ ಕುರಿಗಾರರು ಅದನ್ನು ಕುದುರೆಗೆ ಬಿಟ್ಟಿದ್ದಾರೆ. ಹಗಲು ಕುದುರೆಯ ಬೆನ್ನಿಗೆ ಮೆತ್ತೆ, ರಾತ್ರಿ ಮಕ್ಕಳಿಗೆ ಹಾಸಿಗೆ.

ಈಗ ಗದಗ, ಹುಬ್ಬಳ್ಳಿಯ ತರುಣ ತರುಣಿಯರೂ ರಜೆ ಬಂದರೆ ಬೆನ್ನಿಗೆ ಚೀಲ ಹಾಕಿಕೊಂಡು ಗುಡ್ಡ, ಕಾಡು ಎಂದು ಹೊರಡುತ್ತಾರೆ. ನನಗೆ ಅದು ಬಹಳ ಸಂತೋಷದ ಸಂಗತಿ. ಫೋನಿನ ಬೆಳಕಿನಿಂದ ಎದ್ದು ನಕ್ಷತ್ರದ ಬೆಳಕಿಗೆ ಹೋಗುವ ಮಕ್ಕಳನ್ನು ಕಂಡು ಮೂಗು ಮುರಿಯುವವರ ಜೊತೆ ನಾನಿಲ್ಲ. ಅವರು ಕೊಳ್ಳುವ ಸಾಮಾನೂ ಒಳ್ಳೆಯದೇ. ಹಗುರ ಡೇರೆ, ಮಡಚಿದರೆ ಮುಷ್ಟಿಯಷ್ಟಾಗುವ ಹೊದಿಕೆ ಚೀಲ, ತಲೆಗೆ ಕಟ್ಟುವ ಟಾರ್ಚು. ಅವರ ಚೀಲದ ಒಳಗನ್ನು ಕಂಡಾಗ ಮಾತ್ರ ನನಗೆ ಒಂದು ಚಿಂತೆ ಹತ್ತುತ್ತದೆ. ಝಿಪ್ಪು ಹರಿಯುವಷ್ಟು ತುಂಬಿರುತ್ತದೆ. ಮೂರನೆಯ ಟೀಶರ್ಟ್, ಎರಡನೆಯ ಶೂ, ಸ್ಪೀಕರ್, ಫೋಟೋಕ್ಕೆಂದೇ ಒಂದು ಜೊತೆ ಬಟ್ಟೆ. ನೀರಿನ ಬಾಟಲಿ ಮಾತ್ರ ಒಂದು ಲೀಟರಿನದು, ಏಕೆಂದರೆ ನೀರು ಭಾರ, ಅಲ್ಲಿ ಸಿಗುತ್ತದೆ ಎಂಬ ಭರವಸೆ. ತನಗೆ ಬೇಕಾಗಬಹುದಾದ ಪ್ರತಿಯೊಂದಕ್ಕೂ ಜಾಗ ಇದೆ, ಬೇರೆಯವರಿಗೆ ಬೇಕಾಗಬಹುದಾದ ಒಂದಕ್ಕೂ ಇಲ್ಲ.

ಕಪ್ಪತಗುಡ್ಡಕ್ಕೇ ಹೋಗುವುದಾದರೆ ಎಂದಿಟ್ಟುಕೊಳ್ಳೋಣ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಚಾಚಿಕೊಂಡ ಈ ಗುಡ್ಡಸಾಲು ನಮ್ಮ ಬಯಲುಸೀಮೆಯ ಔಷಧಿ ಸಸ್ಯಗಳ ಕಣಜ. ಅದನ್ನು ಉಳಿಸಿಕೊಂಡದ್ದು ಸುಲಭದಲ್ಲಿ ಆದ ಕೆಲಸವಲ್ಲ. 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿತು, 2016ರಲ್ಲಿ ಆ ಘೋಷಣೆಯನ್ನು ಹಿಂದಕ್ಕೆ ಪಡೆಯಿತು. ಚಿನ್ನದ ಗಣಿಯ ನೆರಳು ಗುಡ್ಡದ ಮೇಲೆ ಬಿದ್ದಾಗ 2017ರ ಫೆಬ್ರುವರಿಯಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಗದುಗಿನಲ್ಲಿ ಧರಣಿ ನಡೆಯಿತು, ಹಳ್ಳಿಹಳ್ಳಿಯಿಂದ ಜನ ಬಂದು ಕುಳಿತರು. ಅದೇ ವರ್ಷ ಘೋಷಣೆ ಮರಳಿ ಬಂತು. 2019ರಲ್ಲಿ 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಅಲ್ಲಿಗೆ ಕಾಲಿಡುವವರು ಈ ಜನರ ಋಣದ ಮೇಲೆ ಕಾಲಿಡುತ್ತಾರೆ. ಅದನ್ನು ತಿಳಿದು ಚೀಲ ಕಟ್ಟಬೇಕು.

ವನ್ಯಜೀವಿಧಾಮದೊಳಗೆ ಅರಣ್ಯ ಇಲಾಖೆಯ ಪರವಾನಗಿಯಿಲ್ಲದೆ ಹೋಗುವಂತಿಲ್ಲ, ಡೇರೆ ಹಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೆಯ ಕಲಮು ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನೂ ಉರಿಯುವ ಬೆಂಕಿಯನ್ನು ಹಾಗೇ ಬಿಟ್ಟುಬರುವುದನ್ನೂ ನಿಷೇಧಿಸುತ್ತದೆ. ಬೇಸಿಗೆಯಲ್ಲಿ ಕಪ್ಪತಗುಡ್ಡದ ಹುಲ್ಲು ಒಣಗಿ ನಿಂತಿರುತ್ತದೆ, ಗಾಳಿಯಂತೂ ಕೇಳುವುದೇ ಬೇಡ. ಗಾಳಿವಿದ್ಯುತ್ತಿನ ಗಿರಣಿಗಳು ಅಲ್ಲಿ ಸಾಲಾಗಿ ನಿಂತಿರುವುದೇ ಅದಕ್ಕೆ ಸಾಕ್ಷಿ. ಒಂದು ಕಿಡಿ ಸಾಕು, ಕತ್ತಲಾಗುವುದರೊಳಗೆ ಒಂದು ಇಳಿಜಾರು ಪೂರ್ತಿ ಕರಿಯಾಗುತ್ತದೆ. ಬೆಂಕಿ ಕಾಯಿಸಿಕೊಳ್ಳುವ ಆಸೆಯನ್ನು ಮನೆಯಲ್ಲೇ ಬಿಡಬೇಕೆಂದರೆ ಅದಕ್ಕೆ ತಕ್ಕ ಬಟ್ಟೆ ಒಯ್ಯಬೇಕು. ಒಳಗೆ ಬೆವರು ಹೀರಿ ಬೇಗ ಒಣಗುವ ಅಂಗಿ, ನಡುವೆ ಉಣ್ಣೆಯ ಸ್ವೆಟರ್, ಮೇಲೆ ಗಾಳಿ ತಡೆಯುವ ಒಂದು ಹೊದಿಕೆ, ಕಿವಿ ಮುಚ್ಚುವ ಟೊಪ್ಪಿಗೆ, ಮಲಗುವಾಗ ಹಾಕಲು ಒಣಗಿದ ಒಂದು ಜೊತೆ ಕಾಲುಚೀಲ. ಹೀಗೆ ಪದರ ಪದರವಾಗಿ ಹಾಕಿಕೊಂಡವನು ಚಳಿಗೆ ಬೆಂಕಿಯನ್ನು ಬೇಡುವುದಿಲ್ಲ. ಸ್ವೆಟರ್ ಮರೆತವನೇ ಮೊದಲು ಕಟ್ಟಿಗೆ ಹುಡುಕಿಕೊಂಡು ಹೋಗುತ್ತಾನೆ. ಒಬ್ಬನ ಚೀಲದಲ್ಲಿ ಕಡಿಮೆಯಾದ ಅರ್ಧ ಕೆ.ಜಿ. ಉಣ್ಣೆಗೆ ಕಾಡು ತನ್ನ ಮೈ ಸುಟ್ಟುಕೊಂಡು ಬೆಲೆ ಕಟ್ಟಬೇಕಾಗುತ್ತದೆ.

ನೀರಿನ ಲೆಕ್ಕವೂ ಇದೇ. ಗದಗ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ 600-650 ಮಿಲಿಮೀಟರಿನ ಆಸುಪಾಸು. ಬೇಸಿಗೆಯಲ್ಲಿ ಗುಡ್ಡದ ಮಡುಗಳಲ್ಲಿ ಉಳಿಯುವ ನೀರು ಎಷ್ಟು? ಕೊಂಡುಕುರಿ, ಕತ್ತೆಕಿರುಬ, ತೋಳ, ಚಿರತೆ, ನವಿಲು ಎಲ್ಲಕ್ಕೂ ಅದೇ ನೀರು. ನಡೆಯುವ ಮನುಷ್ಯನಿಗೆ ದಿನಕ್ಕೆ ಮೂರು ನಾಲ್ಕು ಲೀಟರ್ ಬೇಕು, ಒಂದು ಲೀಟರ್ ಎಂದರೆ ಒಂದು ಕೆ.ಜಿ. ಭಾರ. ಆ ಭಾರ ಹೊರಲಾರದೆ ಮಡುವಿಗೆ ಇಳಿದು ಬಾಟಲಿ ತುಂಬಿಕೊಂಡು, ಅಲ್ಲೇ ಮುಖ ತೊಳೆದು, ಸಾಬೂನು ಕರಗಿಸಿ ಬಂದರೆ, ರಾತ್ರಿ ಆ ಮಡುವಿಗೆ ಬರುವ ಪ್ರಾಣಿ ಮೂಸಿ ನೋಡಿ ಹಿಂದಕ್ಕೆ ಹೋಗುತ್ತದೆ. ಮೂರನೆಯ ಟೀಶರ್ಟ್ ತೆಗೆದು ಆ ಜಾಗಕ್ಕೆ ನೀರು ಇಡುವುದು ಬಹಳ ಸಣ್ಣ ಕೆಲಸ. ಆದರೆ ಅದನ್ನು ಪಡಸಾಲೆಯಲ್ಲೇ ಮಾಡಬೇಕು. ಗುಡ್ಡದ ನೆತ್ತಿಯಲ್ಲಿ ಬಾಯಿ ಒಣಗಿದಾಗ ಧರ್ಮ-ಅಧರ್ಮದ ವಿಚಾರ ಯಾರಿಗೂ ಹೊಳೆಯುವುದಿಲ್ಲ.

ಬಟ್ಟೆಯ ಬಣ್ಣದಲ್ಲಿಯೂ ಪರರ ವಿಚಾರ ಇದೆಯೆಂದು ನಾನು ಕಂಡದ್ದು ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯ ದಂಡೆಯಲ್ಲಿ. ಚಳಿಗಾಲಕ್ಕೆ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. 2024ರ ಜನವರಿಯಲ್ಲಿ ಆ ಕೆರೆಗೆ ರಾಮ್ಸಾರ್ ಮನ್ನಣೆಯೂ ಬಂತು. ಹೆಬ್ಬಾತುಗಳು ನಸುಕಿನಲ್ಲಿ, ಸಂಜೆಯಲ್ಲಿ ಹೊಲಗಳಿಗೆ ಮೇಯಲು ಹೋಗಿ ಹಗಲು ಕೆರೆಯಲ್ಲಿ ದಣಿವಾರಿಸಿಕೊಳ್ಳುತ್ತವೆ. ಕೆಂಪು, ಹಳದಿ ಜಾಕೀಟು ಹಾಕಿದವರ ಗುಂಪು ದಂಡೆಯ ಮೇಲೆ ಬಂದು ನಿಂತರೆ ಇಡೀ ಹಿಂಡು ಒಮ್ಮೆಗೇ ಎದ್ದು ಬಿಡುತ್ತದೆ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಜೀವಕ್ಕೆ ಆ ವ್ಯರ್ಥ ಹಾರಾಟ ಎಷ್ಟು ಭಾರ! ಮಣ್ಣಿನ ಬಣ್ಣದ, ಒಣಹುಲ್ಲಿನ ಬಣ್ಣದ ಅಂಗಿ ಎಲ್ಲರ ಮನೆಯಲ್ಲೂ ಒಂದು ಇದ್ದೇ ಇರುತ್ತದೆ.

ಹಾಗಾದರೆ ಹಗುರವಾಗಿ ಹೊರಡುವುದೇ ಒಳ್ಳೆಯದೇ? ಹಗುರ ಚೀಲವನ್ನು ಈಚೆಗೆ ಬಹಳ ಮಂದಿ ಕೊಂಡಾಡುತ್ತಾರೆ. ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿಯ ಹೆಸರು ಆ ಮಾತಿನಲ್ಲಿ ಬರುತ್ತದೆ. ಹನ್ನೊಂದು ಮಕ್ಕಳ ತಾಯಿ. 1955ರಲ್ಲಿ, 67ರ ವಯಸ್ಸಿನಲ್ಲಿ, ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕ ಅಪಲಾಚಿಯನ್ ಬೆಟ್ಟದಾರಿಯನ್ನು ಒಬ್ಬಳೇ ನಡೆದು ಮುಗಿಸಿದಳು. ಕೈಯಿಂದ ಹೊಲಿದ ಒಂದು ಬಟ್ಟೆಚೀಲ, ಕ್ಯಾನ್ವಾಸ್ ಶೂ, ಒಂದು ಕಂಬಳಿ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ, ಇವಿಷ್ಟೇ ಆಕೆಯ ಸರಂಜಾಮು. ಆ ಛಲಕ್ಕೆ ನಾನು ತಲೆಬಾಗುತ್ತೇನೆ. ಆದರೂ ಒಂದನ್ನು ಮರೆಯಬಾರದು. ಡೇರೆಯಿಲ್ಲದ ಆಕೆ ಎಷ್ಟೋ ರಾತ್ರಿ ಅಪರಿಚಿತರ ಮನೆಬಾಗಿಲಲ್ಲಿ ನಿಂತು ಜಾಗ ಕೇಳಿದ್ದಾಳೆ. ಕೇಳಿದ್ದು ತಪ್ಪಲ್ಲ, ಕೇಳಿ ಪಡೆದದ್ದಕ್ಕೆ ಒಂದು ಮರ್ಯಾದೆ ಇದೆ. ಚೀಲ ಹಗುರವಾದಾಗ ಭಾರ ಮಾಯವಾಗುವುದಿಲ್ಲ, ಇನ್ನೊಬ್ಬರ ಹೆಗಲಿಗೆ ಹೋಗುತ್ತದೆ, ಅದು ಯಾರ ಹೆಗಲು ಎಂದು ತಿಳಿದಿರಬೇಕು ಎಂಬುದಷ್ಟೇ ನನ್ನ ಮಾತು.

ಇದಕ್ಕೆ ನಮ್ಮಲ್ಲೇ ದೊಡ್ಡ ನಿದರ್ಶನ ಇದೆ. ಯುಗಾದಿಗೆ ಮೊದಲು ಉತ್ತರ ಕರ್ನಾಟಕದ ಊರೂರಿನಿಂದ ಸಾವಿರಾರು ಜನ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ಕೆಲವರ ಹೆಗಲ ಮೇಲೆ ಕಂಬಿ. ಆತ್ಮಕೂರು ದಾಟಿ, ನಾಗಲೂಟಿಯಿಂದ ಮುಂದೆ ಪೆದ್ದಚೆರುವು, ಭೀಮನಕೊಳ್ಳದ ದಾರಿ ನಲ್ಲಮಲದ ದಟ್ಟ ಕಾಡಿನೊಳಗೆ ಹೋಗುತ್ತದೆ. ಹುಲಿ ಇರುವ ಕಾಡು ಅದು. ಹಿಂದಿನವರು ಈ ದಾರಿಗೆ ಕಡಕ್ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯ ಬುತ್ತಿ ಕಟ್ಟಿಕೊಂಡು, ಒಂದು ಕಂಬಳಿ, ಒಂದು ಚರಿಗೆ ಹಿಡಿದು ಹೊರಡುತ್ತಿದ್ದರು. ವಾರ ಕಳೆದರೂ ಕೆಡದ ಬುತ್ತಿ ಅದು. ಕಟ್ಟಿದ ಅರಿವೆ ಬಿಟ್ಟರೆ ಹಿಂದೆ ಉಳಿಯುವುದು ಏನೂ ಇಲ್ಲ, ಆ ಅರಿವೆಯೂ ಒಗೆದು ತಲೆಗೆ ಸುತ್ತಿಕೊಳ್ಳಲು ಬರುತ್ತಿತ್ತು. ಈಗ ದಾರಿಯುದ್ದಕ್ಕೂ ದಾಸೋಹ. ಊರೂರಿನ ಭಕ್ತರು ಲಾರಿಯಲ್ಲಿ ಅಕ್ಕಿ, ರೊಟ್ಟಿ, ನೀರು ತಂದು ಕಾಡಂಚಿನಲ್ಲಿ ನಿಂತು ಕೈಮುಗಿದು ಬಡಿಸುತ್ತಾರೆ. ಆ ಸೇವೆಯನ್ನು ಕಂಡವರಿಗೆ ಮನುಷ್ಯರ ಮೇಲೆ ನಂಬಿಕೆ ಮರಳಿ ಬರುತ್ತದೆ, ನನಗೂ ಬಂದಿದೆ. ಯಾತ್ರಿಕನ ಚೀಲ ಹಾಗಾಗಿ ಹಗುರ. ಆದರೆ ಉಂಡ ತಟ್ಟೆ, ಕುಡಿದ ಲೋಟ, ನೀರಿನ ಪಾಕೀಟು ಕಾಡಿನಲ್ಲಿ ಉಳಿಯುತ್ತವೆ. ಬಡಿಸುವವರು ಅಷ್ಟು ಭಾರ ಹೊತ್ತು ತಂದರು, ಉಣ್ಣುವವರು ಒಂದು ಸ್ಟೀಲಿನ ತಾಟು, ಒಂದು ಲೋಟ ಸೊಂಟಕ್ಕೆ ಕಟ್ಟಿಕೊಂಡು ಬಂದರೆ ಆ ದಾಸೋಹ ಪೂರ್ತಿಯಾಗುತ್ತದೆ. ಎರಡೂ ಸೇರಿ ಅರ್ಧ ಕೆ.ಜಿ. ಆಗಲಿಕ್ಕಿಲ್ಲ. ಉಂಡವನ ತಾಟು ಅವನ ಜೊತೆಗೇ ಊರಿಗೆ ಮರಳುತ್ತದೆ.

ಗದುಗಿನ ವೀರನಾರಾಯಣ ಗುಡಿಯಲ್ಲಿ ಕುಳಿತು ಕುಮಾರವ್ಯಾಸ ಭಾರತ ಬರೆದನೆಂದು ನಮ್ಮ ಜನ ಹೇಳುತ್ತಾರೆ. ಕೋನೇರಿಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಕಂಬಕ್ಕೊರಗಿ ಕುಳಿತರೆ, ಬಟ್ಟೆ ಆರುವತನಕ ಕಾವ್ಯ ಹರಿಯುತ್ತಿತ್ತು ಎಂಬ ಕತೆಯೂ ಇದೆ. ಕಾಡಿಗೆ ಹೊರಟವರ ಸರಂಜಾಮಿನ ಮಾತು ಬಂದಾಗ ನನಗೆ ಆ ಭಾರತದ ಪಾಂಡವರು ನೆನಪಾಗುತ್ತಾರೆ. ಅರಮನೆ ಬಿಟ್ಟು ವನವಾಸಕ್ಕೆ ಹೊರಟ ಧರ್ಮರಾಯನಿಗೆ ಹತ್ತಿದ ಚಿಂತೆ ತನ್ನ ಹಾಸಿಗೆಯದಲ್ಲ. ತನ್ನನ್ನು ನಂಬಿ ಹಿಂದೆ ಬಂದ ಬ್ರಾಹ್ಮಣರಿಗೆ ಕಾಡಿನಲ್ಲಿ ಏನು ಉಣ್ಣಲು ಕೊಡಲಿ ಎಂದು ಅವನು ಕೊರಗಿದ. ಸೂರ್ಯನನ್ನು ಪ್ರಾರ್ಥಿಸಿ ಅವನು ಪಡೆದದ್ದು ಒಂದು ಅಡುಗೆ ಪಾತ್ರೆ. ಅದಕ್ಕಿದ್ದ ಕಟ್ಟಳೆ ಇನ್ನೂ ದೊಡ್ಡದು: ಎಲ್ಲರೂ ಉಂಡು ದ್ರೌಪದಿ ಉಣ್ಣುವವರೆಗೆ ಅದರಲ್ಲಿ ಅನ್ನ ತೀರುವುದಿಲ್ಲ, ಆಕೆ ಉಂಡ ಮೇಲೆ ಆ ಹೊತ್ತಿಗೆ ಮುಗಿಯಿತು. ಬಡಿಸುವ ಕೈ ಕೊನೆಗೆ ಉಣ್ಣಬೇಕು. ಕುರಿಗಾರರ ಹಟ್ಟಿಯಲ್ಲಿ ಸಂಜೆ ಮರಿಗಳಿಗೆ ಹಾಲು ಕುಡಿಸಿ, ನಾಯಿಗೆ ರೊಟ್ಟಿ ಹಾಕಿ, ಗಂಡಸರಿಗೆ ಬಡಿಸಿ, ಕಡೆಗೆ ಒಲೆಯ ಮುಂದೆ ತಾಟು ಹಿಡಿದು ಕೂರುವ ಹೆಂಗಸನ್ನು ಕಂಡಾಗ ಆ ಕಟ್ಟಳೆ ಇನ್ನೂ ನಡೆದುಕೊಂಡು ಬಂದಿದೆ ಅನ್ನಿಸುತ್ತದೆ. ಆ ಭಾರ ಯಾವಾಗಲೂ ಅವಳೊಬ್ಬಳ ಮೇಲೇ ಯಾಕೆ ಬೀಳಬೇಕು ಎಂಬ ಪ್ರಶ್ನೆಯನ್ನೂ ಕೇಳಲೇಬೇಕು. ಕಾಡಿಗೆ ಹೊರಡುವ ತರುಣರ ಗುಂಪಿನಲ್ಲಿಯೂ ಔಷಧಿ ಡಬ್ಬಿ, ಉಪ್ಪು-ಸಕ್ಕರೆಯ ಪೊಟ್ಟಣ, ಹೆಚ್ಚಿನ ರೊಟ್ಟಿ ಹೊತ್ತವರು ಹೆಚ್ಚಾಗಿ ಹುಡುಗಿಯರೇ ಆಗಿರುತ್ತಾರೆ. ಹುಡುಗರ ಚೀಲದಲ್ಲೂ ಅದಕ್ಕೆ ಜಾಗ ಆಗಬೇಕು.

ಕುರಿಗಾರರ ಆ ಹೇರನ್ನು ಇನ್ನೆಷ್ಟು ದಿನ ನೋಡುತ್ತೇವೋ ಗೊತ್ತಿಲ್ಲ. ಈಗ ಕೆಲವರು ಟೆಂಪೋ ಮಾಡಿಕೊಂಡು ಹಟ್ಟಿ ಬದಲಿಸುತ್ತಾರೆ. ಮಕ್ಕಳು ಹಾಸ್ಟೆಲ್ಲಿನಲ್ಲಿ ಓದುತ್ತಾರೆ. ಓದಲಿ, ಓದಬೇಕು. ಬಯಲ ಬದುಕನ್ನು ಹಾಡಿ ಹೊಗಳಿ, ಆ ಬದುಕಿನ ಚಳಿ, ಹಾವು, ಕಳ್ಳಕಾಕರ ಭಯ, ಹೊಲದವರ ಜಗಳ ಎಲ್ಲವನ್ನೂ ಅವರಿಗೇ ಬಿಟ್ಟು ನಾವು ಮನೆಯಲ್ಲಿ ಬೆಚ್ಚಗೆ ಇರುವುದು ಸರಿಯಲ್ಲ. ನನಗೆ ನೋವಾಗುವುದು ಕಂಬಳಿಯ ಗತಿ ಕಂಡು. ಮಾಂಸಕ್ಕೆ ಬೆಲೆ ಬಂದ ಮೇಲೆ ಕುರಿಗಾರರು ಉಣ್ಣೆಯ ದಖ್ಖನಿ ತಳಿ ಬಿಟ್ಟು ಕೂದಲು ಮೈಯ ಯಳಗ ಕುರಿಯ ಕಡೆ ಹೊರಳಿದ್ದಾರೆ. ಉಳಿದ ಕುರಿಗಳ ಉಣ್ಣೆ ಕತ್ತರಿಸುವ ಕೂಲಿಯೂ ಅದನ್ನು ಮಾರಿದರೆ ಹುಟ್ಟುವುದಿಲ್ಲ, ಹಾಗಾಗಿ ಕತ್ತರಿಸಿದ್ದನ್ನು ಬದುವಿನ ಮೇಲೆ ಬಿಸಾಡುತ್ತಾರೆ. ಕುರಿಗಾರನೇ ಪಾಣಿಪತ್ತಿನ ಗಿರಣಿ ಚಾದರ ಹೊದೆಯುತ್ತಾನೆ. ಅದೇ ಹೊತ್ತಿಗೆ ನಮ್ಮ ಮಕ್ಕಳು ಎಲ್ಲಿಂದಲೋ ಬಂದ ಪಾಲಿಸ್ಟರ್ ಹೊದಿಕೆಗೆ ಸಾವಿರಾರು ರೂಪಾಯಿ ಕೊಡುತ್ತಾರೆ. ಒಗೆದಾಗಲೆಲ್ಲ ಅದರ ನವಿರು ಎಳೆಗಳು ಉದುರಿ ನೀರಿಗೆ ಸೇರುತ್ತವೆ.

ಈ ಎರಡನ್ನೂ ಕೂಡಿಸಲು ಬರುವುದಿಲ್ಲವೇ ಎಂದು ನನಗೆ ಬಹಳ ದಿನದ ಆಸೆ. ಪೂರ್ತಿ ಕಂಬಳಿ ಎರಡು-ಮೂರು ಕೆ.ಜಿ. ಭಾರ, ಬೆನ್ನಿಗೆ ಹೊತ್ತು ಗುಡ್ಡ ಏರುವವರಿಗೆ ಅದು ಹೆಚ್ಚೇ ಆಯಿತು, ಒಪ್ಪುತ್ತೇನೆ. ಆದರೆ ಅರ್ಧ ಅಗಲದ್ದು, ಸ್ವಲ್ಪ ತೆಳುವಾಗಿ ನೂತದ್ದು, ಹೆಗಲ ಮೇಲೆ ಹೊದೆಯಲು, ನೆಲಕ್ಕೆ ಹಾಸಲು ಸಾಕಾಗುವಂಥದ್ದು ನೇಯಬಹುದಲ್ಲ. ಶಾಲೆಯ ನಿಸರ್ಗ ಶಿಬಿರಗಳಿಗೆ, ಚಾರಣ ಮಾಡುವ ಗುಂಪುಗಳಿಗೆ ಅದನ್ನೇ ಕೊಳ್ಳಿ ಎಂದು ಹೇಳಬಹುದಲ್ಲ. ಉಣ್ಣೆ ಕತ್ತರಿಸುವವರು, ನೂಲುವವರು, ನೇಯುವವರು, ಮೂವರಿಗೂ ಒಂದಿಷ್ಟು ಕೂಲಿ ಹುಟ್ಟುತ್ತದೆ.

ಕಂಬಳಿ ನೇಯುವ ಹಿರಿಯರೊಬ್ಬರ ಮುಂದೆ ಈ ಮಾತು ಇಟ್ಟೆ. ಅವರು ಮಗ್ಗದ ಗುಂಡಿಯಿಂದ ಕಾಲು ಮೇಲೆತ್ತಿ, ನೂಲಿನ ಲಡಿಯೊಂದನ್ನು ಬೆರಳಿಗೆ ಸುತ್ತಿ ಜಗ್ಗಿ ನೋಡುತ್ತ ಸ್ವಲ್ಪ ಹೊತ್ತು ಯೋಚಿಸಿದರು.

“ನೇಯಾಕ ಅಡ್ಡಿ ಇಲ್ರೀ. ನೂಲು ಸಣ್ಣಗ ತಗೀಬೇಕು, ಅದನ್ನ ತಗಿಯೋ ಮುದುಕ್ಯಾರು ಇಬ್ಬರೋ ಮೂವರೋ ಉಳದಾರ. ಒಬ್ಬರ ಸಲುವಾಗಿ ಅಂದ್ರ ಅವರು ಕೂಡಂಗಿಲ್ಲ. ಮದ್ಲ ಹತ್ತು ಮಂದೀನ ಕೂಡಿಸಿಕೊಂಡು ಬರ್ರಿ. ಆಮ್ಯಾಲ ಉಣ್ಣಿ ಯಾರ ಹಟ್ಟ್ಯಾಗ ಚಲೋ ಐತಿ ಹುಡುಕೂಣಂತ.”